ಅಘನಾಶಿನಿ ಗಜನಿ, ಕಾಂಡ್ಲಾಕ್ಕೆ ಸರ್ಕಾರದ ಅನುದಾನ: ಅರ್ಜಿ ಎಲ್ಲಿ, ಯಾರ ಹೆಸರಲ್ಲಿ?

ಕಗ್ಗಗದ್ದೆ:

ಎಲ್ಲರಿಗೂ ನಮಸ್ಕಾರ. ಕುಮಟಾ ತಾಲೂಕಿನ ಒಂದು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಪರವಾಗಿ ಕೇಳುತ್ತಿದ್ದೇನೆ. ಅಘನಾಶಿನಿ ಅಳಿವೆ 2024ರ ಜನವರಿ ಕೊನೆಯಲ್ಲಿ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, 4,801 ಹೆಕ್ಟೇರ್. ಆಗಿಂದ ಊರಲ್ಲಿ ಎಲ್ಲರ ಬಾಯಲ್ಲೂ ‘ಇನ್ನು ದುಡ್ಡು ಬರ್ತದೆ’ ಅನ್ನುವ ಮಾತು. ಯಾವ ದುಡ್ಡು, ಯಾರ ಕೈಯಿಂದ ಅಂತ ಮಾತ್ರ ಗೊತ್ತಿಲ್ಲ.

ಜಾಗ ಮೂರು ತರದ್ದು. ಒಂದು, ಸುಮಾರು 42 ಎಕರೆ ಗಜನಿ (ಹಿನ್ನೀರಿನ ಬದಿಯ ಭತ್ತದ ಗದ್ದೆ), ಪೂರ್ತಿ ಮಾಲ್ಕಿ ಅಂದರೆ ಖಾಸಗಿ ಜಾಗ, 31 ಖಾತೆದಾರರು. ಮಣ್ಣಿನ ಒಡ್ಡು ಎರಡು ಕಡೆ ಸೇರಿ 100 ಮೀಟರ್ ಕೊಚ್ಚಿ ಹೋಗಿದೆ, ಜಂತ್ರಡಿಯ (ನೀರು ಬಿಡುವ, ತಡೆಯುವ ತೂಬಿನ) ಹಲಗೆ ಕೊಳೆತಿದೆ. ಕಗ್ಗ (ಉಪ್ಪು ತಡೆಯುವ ಭತ್ತ) ಬಿತ್ತದೆ ಆರೇಳು ವರ್ಷವಾಯ್ತು. ಒಂದು ಮೂಲೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ತಾನಾಗಿ ಎದ್ದಿದೆ. ಎರಡು, ಒಡ್ಡಿನ ಹೊರಗೆ 6 ಹೆಕ್ಟೇರ್ ಕೆಸರು ಬಯಲು, ಕಂದಾಯ ಜಾಗ. ಅದರ ಹೊಳೆ ಕಡೆಯ ಅರ್ಧದಲ್ಲಿ ಹೆಂಗಸರು ಬಳಚು (ಚಿಪ್ಪಿಮೀನು) ಆಯುತ್ತಾರೆ. ಮೂರು, ಹಿಂದೆ ಕಾಂಡ್ಲಾ ನೆಟ್ಟ 2 ಹೆಕ್ಟೇರ್, ಅರ್ಧಕ್ಕರ್ಧ ಸತ್ತಿದೆ.

ಸಮಿತಿ ನೇರವಾಗಿ ಅರ್ಜಿ ಹಾಕಬಹುದೇ? ಒಡ್ಡು ಮತ್ತು ಕಾಂಡ್ಲಾ ಎರಡೂ ಒಂದೇ ಯೋಜನೆಯಲ್ಲಿ ಆಗುತ್ತದೆಯೇ?

ಕಡತದಾರಿ:

ರಾಮ್ಸಾರ್ ಪಟ್ಟಿಗೆ ಸೇರಿದ್ದಕ್ಕೆ ತಾನಾಗಿ ಒಂದು ಪೈಸೆಯೂ ಬರುವುದಿಲ್ಲ. ಹಣ ಬೇರೆ ಬೇರೆ ಕೊಳವೆಗಳಲ್ಲಿ ಬರುತ್ತದೆ, ಒಂದೊಂದರ ನಲ್ಲಿ ಒಂದೊಂದು ಇಲಾಖೆಯ ಕೈಯಲ್ಲಿದೆ. ನಿಮ್ಮ ಸಮಿತಿ ದೆಹಲಿಗೆ ನೇರ ಅರ್ಜಿ ಹಾಕುವ ದಾರಿ ಇವುಗಳಲ್ಲಿ ಯಾವುದಕ್ಕೂ ಇಲ್ಲ.

ದೊಡ್ಡದು ಎನ್‌ಪಿಸಿಎ, ಅಂದರೆ ಜಲ ಪರಿಸರ ವ್ಯವಸ್ಥೆಗಳ ಸಂರಕ್ಷಣೆಯ ರಾಷ್ಟ್ರೀಯ ಯೋಜನೆ. ಮೊದಲು ಕೆರೆಗೆ ಒಂದು, ಜೌಗು ಪ್ರದೇಶಕ್ಕೆ ಒಂದು ಅಂತ ಇದ್ದ ಎರಡನ್ನು 2013ರಲ್ಲಿ ಸೇರಿಸಿ ಮಾಡಿದ್ದು. ಕೇಂದ್ರದ್ದು 60, ರಾಜ್ಯದ್ದು 40. ಪ್ರಸ್ತಾವ ರಾಜ್ಯ ಸರ್ಕಾರದಿಂದಲೇ ಹೋಗಬೇಕು, ಜೊತೆಗೆ ಇಡೀ ಅಳಿವೆಯ ಸಮಗ್ರ ನಿರ್ವಹಣಾ ಯೋಜನೆ ಇರಬೇಕು. ಹಾಗಾಗಿ ನಿಮ್ಮ 42 ಎಕರೆಗೆ ಅಂತ ಪ್ರತ್ಯೇಕ ಕಡತ ಹುಟ್ಟುವುದಿಲ್ಲ, ಆ ಸಮಗ್ರ ಯೋಜನೆಯೊಳಗೆ ನಿಮ್ಮ ಸರ್ವೆ ನಂಬರ್ ಬರುವಂತೆ ನೋಡಿಕೊಳ್ಳುವುದೇ ನಿಮ್ಮ ಕೆಲಸ. ಅದಕ್ಕೆ ಬೇಕಾದ್ದು ಗ್ರಾಮಸಭೆ ಠರಾವು, ನಕ್ಷೆ, ಜನತಾ ಜೀವವೈವಿಧ್ಯ ದಾಖಲಾತಿಯ ಪ್ರತಿ. ಬಳಚು ಆಯುವವರ ಸಂಖ್ಯೆ, ಯಾವ ತಿಂಗಳು, ಯಾವ ಜಾಗ ಎಂಬುದು ದಾಖಲಾತಿಯಲ್ಲಿ ಇಲ್ಲದಿದ್ದರೆ ಈಗಲೇ ಸೇರಿಸಿ. ಯೋಜನೆ ಬರೆಯುವವರು ಮೇಜಿನ ಮೇಲೆ ಇದ್ದ ಕಾಗದವನ್ನೇ ನೋಡಿ ಬರೆಯುತ್ತಾರೆ.

ಕಾಂಡ್ಲಾಕ್ಕೆ ಮಾತ್ರ ಸೀಮಿತವಾದದ್ದು ಮಿಷ್ಟಿ ಎಂಬ ಕೇಂದ್ರದ ಯೋಜನೆ. 2023ರ ಜೂನ್ 5ರಂದು ಶುರುವಾಯಿತು, 2023-24ರಿಂದ ಐದು ವರ್ಷ, ದೇಶದಲ್ಲಿ ಸುಮಾರು 540 ಚದರ ಕಿ.ಮೀ. ಗುರಿ. ಅದಕ್ಕೆ ಸ್ವಂತ ದೊಡ್ಡ ಗಂಟಿಲ್ಲ. ಕ್ಯಾಂಪಾ (ಅರಣ್ಯ ಭೂಮಿ ಬೇರೆ ಬಳಕೆಗೆ ಹೋದಾಗ ಕಟ್ಟಿಸಿಕೊಳ್ಳುವ ಪರಿಹಾರ ಅರಣ್ಯೀಕರಣ ನಿಧಿ), ಉದ್ಯೋಗ ಖಾತರಿ ಮುಂತಾದ ಕಡೆಯ ಹಣ ಜೋಡಿಸಿ ನಡೆಸುವುದು. ಮಾಡುವವರು ಅರಣ್ಯ ಇಲಾಖೆ, ನಿಮ್ಮ ಕಡೆ ಹೊನ್ನಾವರ ವಿಭಾಗ. ಇದಲ್ಲದೆ ಕಾಂಡ್ಲಾ ಮತ್ತು ಹವಳದ ದಿಬ್ಬಗಳ ಸಂರಕ್ಷಣೆಗೆ ಕೇಂದ್ರದ ಹಳೆಯ ಯೋಜನೆಯೊಂದಿದೆ, ಅದು ವರ್ಷ ವರ್ಷದ ಕ್ರಿಯಾ ಯೋಜನೆಯ ಮೇಲೆ ನಡೆಯುತ್ತದೆ. ಕ್ಯಾಂಪಾದ ವಾರ್ಷಿಕ ಯೋಜನೆ ರಾಜ್ಯದಿಂದ ಡಿಸೆಂಬರ್ ಹೊತ್ತಿಗೆ ಹೋಗುತ್ತದೆ. ಆದ್ದರಿಂದ ನಿಮ್ಮ ಮನವಿ ವಲಯ ಕಚೇರಿಗೆ ಮಳೆಗಾಲ ಮುಗಿಯುವ ಮೊದಲೇ ಮುಟ್ಟಬೇಕು. ಮಾರ್ಚ್‌ನಲ್ಲಿ ಕೊಟ್ಟ ಮನವಿಗೆ ‘ಮುಂದಿನ ವರ್ಷ ನೋಡೋಣ’ ಎಂಬ ಉತ್ತರ ಬರುವುದು ಸೋಮಾರಿತನದಿಂದಲ್ಲ, ಬಾಗಿಲು ಮುಚ್ಚಿರುತ್ತದೆ ಅಷ್ಟೆ.

ವಾಟ್ಸಾಪಿನಲ್ಲಿ ‘ಗ್ರೀನ್ ಕ್ಲೈಮೇಟ್ ಫಂಡ್ ಕರಾವಳಿಗೆ ಬಂದಿದೆ’ ಅಂತ ಓಡಾಡುತ್ತದೆ. ಅದು ಆಂಧ್ರ, ಮಹಾರಾಷ್ಟ್ರ, ಒಡಿಶಾಕ್ಕೆ. ನಮಗಿಲ್ಲ. ನಮ್ಮ ರಾಜ್ಯದ್ದು ವಿಶ್ವ ಬ್ಯಾಂಕ್ ನೆರವಿನ ಕೆ-ಶೋರ್, ಅದನ್ನೂ ಅರಣ್ಯ ಇಲಾಖೆಯ ಹತ್ತಿರವೇ ಕೇಳಬೇಕು.

ಒಡ್ಡು ಮಾತ್ರ ಇವುಗಳಲ್ಲಿ ಯಾವುದಕ್ಕೂ ಸಲೀಸಾಗಿ ಕೂರುವುದಿಲ್ಲ. ಅದು ಸಣ್ಣ ನೀರಾವರಿ ಇಲಾಖೆಯ ಖಾರ್‌ಲ್ಯಾಂಡ್ (ಉಪ್ಪುನೀರು ನುಗ್ಗುವ ಜಮೀನಿನ ರಕ್ಷಣೆ) ಕೆಲಸ, ಇಲ್ಲವೇ ಪಂಚಾಯಿತಿಯ ಉದ್ಯೋಗ ಖಾತರಿ. ಅಂದರೆ ನಿಮಗೆ ಎರಡು ಕಡತ ಬೇಕು.

ಪಹಣಿನಕ್ಷೆ:

ಕಡತದಾರಿ ಸರ್ ಹೇಳಿದ್ದು ಸರಿ. ಆದರೆ ಹಣ ಕೇಳುವ ಮೊದಲು ಜಾಗ ಯಾವ ಕಾನೂನಿನ ಕೆಳಗಿದೆ ನೋಡಿ. ಇಲ್ಲಿ ಎಡವಿದರೆ ಆಮೇಲೆ ಎದ್ದೇಳುವುದು ಕಷ್ಟ.

2017ರ ಜೌಗು ಪ್ರದೇಶ ನಿಯಮಗಳು ರಾಮ್ಸಾರ್ ತಾಣಗಳಿಗೆ ಅನ್ವಯ ಎಂದು ಎಲ್ಲರೂ ಹೇಳುತ್ತಾರೆ. ಅದೇ 3ನೇ ನಿಯಮದ ಕೆಳಗಿನ ಪರಂತುಕ ಯಾರೂ ಓದುವುದಿಲ್ಲ: ಅರಣ್ಯ ಕಾಯ್ದೆಗಳು, ವನ್ಯಜೀವಿ ಕಾಯ್ದೆ ಮತ್ತು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಅಡಿ ಬರುವ ಪ್ರದೇಶಕ್ಕೆ ಈ ನಿಯಮ ಇಲ್ಲ. ಭತ್ತದ ಗದ್ದೆಯನ್ನೂ ಜೌಗಿನ ವ್ಯಾಖ್ಯೆಯಿಂದಲೇ ತೆಗೆದಿದ್ದಾರೆ. ಹಾಗಾಗಿ ನಿಮ್ಮ ಕೆಸರು ಬಯಲನ್ನು ಕಾಯುವುದು ಸಿಆರ್‌ಝಡ್, ಗಜನಿಯನ್ನು ಕಾಯುವುದು ಬಹುಮಟ್ಟಿಗೆ ನೀವೇ. ಎನ್‌ಪಿಸಿಎ ಹಣಕ್ಕೆ ಇದು ಅಡ್ಡಿಯಲ್ಲ, ನಿಯಮವೇ ಬೇರೆ, ಅನುದಾನವೇ ಬೇರೆ.

ಈಗ ನಿಜವಾದ ತೊಡಕು. 2019ರ ಸಿಆರ್‌ಝಡ್ ಅಧಿಸೂಚನೆ ಪ್ರಕಾರ, 1991ರ ಫೆಬ್ರವರಿ 19ಕ್ಕಿಂತ ಮೊದಲೇ ಒಡ್ಡು ಅಥವಾ ತೂಬು ಇದ್ದರೆ ಭರತದ ಗೆರೆಯನ್ನು ಆ ಒಡ್ಡಿಗೇ ನಿಲ್ಲಿಸುತ್ತಾರೆ. ಗಜನಿಗೆ ಅದು ಒಳ್ಳೆಯದು. ಆದರೆ ಉಪ್ಪುನೀರು ಒಳಗೆ ನುಗ್ಗಿ ಒಡ್ಡಿನ ಆಚೆ ಕಾಂಡ್ಲಾ ಎದ್ದರೆ, ಅಷ್ಟು ಜಾಗ ಸಿಆರ್‌ಝಡ್-1ಎ, ಅಂದರೆ ಅತಿ ಸೂಕ್ಷ್ಮ ವರ್ಗ, ಆಗುತ್ತದೆ, ಬೇರೆ ಯಾವ ಬಳಕೆಗೂ ತಿರುಗಿಸುವಂತಿಲ್ಲ. ನಿಮ್ಮ ಗಜನಿಯ ಮೂಲೆಯಲ್ಲಿ ಎದ್ದಿದೆ ಅಂದಿರಲ್ಲ, ಆ ಮೂಲೆಗೆ ಕಗ್ಗ ಮತ್ತೆ ಬರುವುದು ಅನುಮಾನ. ಕತ್ತಿ ಹಿಡಿದು ಹೋಗಿ ಕಡಿದು ಬಂದರೆ ಪ್ರಕರಣ, ಜೊತೆಗೆ ಎಲ್ಲ ಅನುದಾನದ ಕಡತವೂ ಅಲ್ಲಿಗೇ ನಿಲ್ಲುತ್ತದೆ. ಅಳತೆ ಮಾಡಿ, ಅಷ್ಟು ಗುಂಟೆ ಬಿಟ್ಟು, ಉಳಿದದ್ದನ್ನು ಗದ್ದೆಯೆಂದು ತೋರಿಸಿ. ಇನ್ನು ಎರಡು ವರ್ಷ ಒಡ್ಡು ಹಾಗೇ ಬಾಯಿ ತೆರೆದಿದ್ದರೆ ಬಿಡಬೇಕಾದ ಗುಂಟೆ ಹೆಚ್ಚುತ್ತಲೇ ಹೋಗುತ್ತದೆ. ಮಾಲ್ಕಿ ಗಜನಿಯೊಳಗೆ ಕಾಂಡ್ಲಾ ನೆಡಲು ಯಾರಾದರೂ ಉತ್ಸಾಹದಿಂದ ಬಂದರೆ 31 ಖಾತೆದಾರರಿಗೂ ಇದನ್ನು ಓದಿ ಹೇಳಿ, ಆಮೇಲೆ ಸಹಿ.

ಒಡ್ಡಿನ ವಿಷಯದಲ್ಲೂ ಅಷ್ಟೆ. ಇದ್ದ ಜಾಗದಲ್ಲೇ ದುರಸ್ತಿ ಎಂದು ಬರೆಯಿರಿ. ನೇರ ಮಾಡುವ ನೆಪದಲ್ಲಿ ಹತ್ತು ಮೀಟರ್ ಹೊಳೆ ಕಡೆ ಸರಿಸಿದರೆ ಅದು ಸಮುದ್ರದ ನೀರಿನ ಹರಿವಿಗೆ ಒಡ್ಡು ಹಾಕಿದಂತೆ, ನಿಷೇಧಿತ ಪಟ್ಟಿಯಲ್ಲಿದೆ. ಉಪ್ಪುನೀರು ತಡೆಯುವ ರಚನೆಗಳಿಗೆ ವಿನಾಯಿತಿ ಇದೆ, ಅದಕ್ಕೆ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ದಾರಿ ಹಿಡಿಯಬೇಕು. ಹಳೆಯ ಒಡ್ಡು ಅಲ್ಲೇ ಇತ್ತು ಎಂಬುದಕ್ಕೆ ಗ್ರಾಮ ನಕ್ಷೆ, ಟಿಪ್ಪಣಿ, ಖಾರ್‌ಲ್ಯಾಂಡ್ ಕಾಲದ ಯಾವುದೇ ಕಾಗದ ಹುಡುಕಿ. ಅಘನಾಶಿನಿಯಲ್ಲಿ ಸರ್ಕಾರದ ಶಾಶ್ವತ ಒಡ್ಡುಗಳು 1970ರ ದಶಕದವು, ಆದ್ದರಿಂದ ಆ ದಾಖಲೆ ಸಿಕ್ಕರೆ 1991ರ ಪ್ರಶ್ನೆ ಅಲ್ಲಿಗೇ ತೀರಿತು. ಕರಾವಳಿ ನಿರ್ವಹಣಾ ನಕ್ಷೆ 1:25,000 ಪ್ರಮಾಣದ್ದು, ಅದರಲ್ಲಿ ನಿಮ್ಮ ಗದ್ದೆ ಉಗುರಿನಷ್ಟು. ಸರ್ವೆ ನಂಬರ್ ಮೇಲೆ ಗೆರೆ ಹಾಕಿದ ಪ್ರತಿಯನ್ನೇ ಕೇಳಿ ಪಡೆಯಿರಿ.

ಭರತ_ಇಳಿತ:

ಮೂರನೆಯ ಜಾಗದಿಂದ ಶುರು ಮಾಡುತ್ತೇನೆ, ಯಾಕೆಂದರೆ ಅರ್ಧ ಸತ್ತ ನೆಡುತೋಪಿನ ಪಕ್ಕದಲ್ಲೇ ಇನ್ನೊಂದು ನೆಡುತೋಪಿಗೆ ಹಣ ಕೇಳಿದರೆ ಯಾರಾದರೂ ಕೇಳುವ ಮೊದಲ ಪ್ರಶ್ನೆ ಅದೇ.

ಕಾಂಡ್ಲಾ ಸಾಯುವುದು ಹೆಚ್ಚಾಗಿ ಎತ್ತರ ತಪ್ಪಿದ್ದರಿಂದ. ಹೊಳೆಯ ಕಡೆಗೆ ತೀರ ತಗ್ಗಿನಲ್ಲಿ ನೆಟ್ಟರೆ ಗಿಡ ದಿನದ ಬಹುಪಾಲು ಮುಳುಗಿಯೇ ಇರುತ್ತದೆ. ಕಾಂಡದ ಮೇಲೆ ಸುಣ್ಣದ ಚಿಪ್ಪಿನ ಬಾರ್ನಕಲ್ ಹತ್ತಿ, ಪಾಚಿ ಸುತ್ತಿ, ಆ ಭಾರಕ್ಕೆ ಎಳೆ ಗಿಡ ಬಾಗಿ ಬೀಳುತ್ತದೆ. ಒಡ್ಡಿನ ಬುಡದ ಎತ್ತರದಲ್ಲಿ ಸತ್ತಿದ್ದರೆ ಕಾರಣ ತಿರುಗುಮುರುಗು: ಭರತ ಮುಟ್ಟದೆ ಬೇಸಿಗೆಯಲ್ಲಿ ಮಣ್ಣಿನ ಮೇಲೆ ಉಪ್ಪು ಬಿಳಿಯಾಗಿ ಕೂರುತ್ತದೆ. ಮೊದಲು ಸತ್ತದ್ದು ಯಾವ ಕಡೆ ಎಂದು ನೋಡಿಕೊಂಡು ಬನ್ನಿ.

ಎತ್ತರ ತಿಳಿಯಲು ದೊಡ್ಡ ಯಂತ್ರ ಬೇಡ. ಎರಡು ಮೀಟರಿನ ಪಿವಿಸಿ ಪೈಪಿಗೆ ಸೆಂಟಿಮೀಟರ್ ಗುರುತು ಹಾಕಿ, ಒಡ್ಡಿನಿಂದ ಹೊಳೆಯ ಅಂಚಿನವರೆಗೆ ಒಂದೇ ಸಾಲಿನಲ್ಲಿ ಐದಾರು ಹುಗಿಯಿರಿ. ಅಮಾವಾಸ್ಯೆಯಿಂದ ಹುಣ್ಣಿಮೆವರೆಗೆ, ಹದಿನೈದು ದಿನ, ಹಗಲಿನ ಭರತಕ್ಕೂ ರಾತ್ರಿಯ ಭರತಕ್ಕೂ ನೀರು ಎಲ್ಲಿ ಮುಟ್ಟಿತು ಬರೆಯಿರಿ. ನಮ್ಮಲ್ಲಿ ದಿನಕ್ಕೆ ಎರಡು ಭರತ, ತಿಂಗಳಿಗೆ ಹತ್ತಿರ ಹತ್ತಿರ 58. ತಿಂಗಳಿಗೆ 20ರಿಂದ 45 ಸಲ ಮುಳುಗುವ ಪಟ್ಟಿ ನಿಮ್ಮ ನೆಡುವ ಜಾಗ. ಅದಕ್ಕಿಂತ ತಗ್ಗಿನ ಪಟ್ಟಿಯಲ್ಲಿ ರೈಜೋಫೊರಾ ಮ್ಯೂಕ್ರೊನೇಟಾ ಎಂಬ ಕಾಂಡ್ಲಾ ಜಾತಿ ಸ್ವಲ್ಪ ತಡೆಯುತ್ತದೆ. ಎಲ್ಲ ಭರತಕ್ಕೂ ಮುಳುಗುವ ಕಡೆ ಕೈ ಹಾಕಬೇಡಿ.

ನಿಮ್ಮ ಬಳಚಿನ ಬಯಲು ಬಹುತೇಕ ಆ ಕೊನೆಯ ವರ್ಗದ್ದೇ ಇರಬೇಕು. ಅಲ್ಲಿ ಒಂದು ಗಿಡವನ್ನೂ ನೆಡಬೇಡಿ. ಆಕಸ್ಮಾತ್ ಬದುಕಿದರೆ ಅದು ಇನ್ನೂ ಕೆಟ್ಟದ್ದು: ಬೇರು ಹಬ್ಬಿ ಕೆಸರು ನಿಂತು ಬಳಚಿನ ನೆಲ ಹಾಳು, ಹಕ್ಕಿಗಳು ಇಳಿಯುವ ಬಯಲೂ ಹೋಯಿತು. 6 ಹೆಕ್ಟೇರಿನ ಗುರಿ ತೋರಿಸಲು ಇಡೀ 6 ಹೆಕ್ಟೇರ್ ತುಂಬಿಸುವ ಆಸೆ ಕಡತದಲ್ಲಿ ಸಹಜ. ನೀವು 2 ಅಥವಾ 3 ಹೆಕ್ಟೇರ್ ಎಂದೇ ಬರೆಯಿರಿ, ಉಳಿದದ್ದನ್ನು ‘ಚಿಪ್ಪಿಮೀನಿನ ನೆಲ, ನೆಡತಕ್ಕದ್ದಲ್ಲ’ ಎಂದು ನಕ್ಷೆಯಲ್ಲೇ ಬಣ್ಣ ಹಾಕಿ ಕೊಡಿ.

ಲೆಕ್ಕ: ಒಂದು ಮೀಟರ್ ಅಂತರಕ್ಕೆ ಹೆಕ್ಟೇರಿಗೆ 10,000 ಗಿಡ, ಒಂದೂವರೆಗೆ 4,444, ಎರಡಕ್ಕೆ 2,500. ಅಲೆ ಹೊಡೆಯುವ ಅಂಚಿಗೆ ಒಂದು ಮೀಟರ್, ಒಳಗೆ ಎರಡು ಸಾಕು. ಮರುನಾಟಿಗೆ ಶೇ. 20 ಹಿಡಿಯಿರಿ, ಅದನ್ನು ಎರಡನೆಯ ವರ್ಷದ ಅಂದಾಜಿನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸದಿದ್ದರೆ ಸತ್ತ ಗಿಡಕ್ಕೆ ಹಣವೇ ಇರುವುದಿಲ್ಲ.

ರೈಜೋಫೊರಾದ ಕೋಡು ಮಳೆಗಾಲದಲ್ಲಿ ಬಲಿಯುತ್ತದೆ. ತೊಟ್ಟಿನ ಹತ್ತಿರದ ಉಂಗುರ ಹಳದಿಗೆ ತಿರುಗಿ, ಕೈ ತಾಗಿದರೆ ಕಳಚಿಕೊಳ್ಳುವಂತಿರಬೇಕು. ಎಳೆದು ಕಿತ್ತದ್ದು ಬೇರು ಬಿಡುವುದಿಲ್ಲ. ಹುಳ ಕೊರೆದ ತೂತು ಇದ್ದದ್ದನ್ನು ಎಸೆಯಿರಿ. ಚೂಪು ತುದಿ ಕೆಳಗೆ ಮಾಡಿ ಮೂರನೇ ಒಂದು ಭಾಗ ಕೆಸರಿಗೆ ಇಳಿಸಿದರೆ ಮುಗಿಯಿತು, ಚೀಲ ಬೇಡ, ನರ್ಸರಿ ಬೇಡ. ಉಪ್ಪಟಿ ಎಂಬ ಇನ್ನೊಂದು ಕಾಂಡ್ಲಾ ಹಾಗಲ್ಲ. ಅದರ ಬೀಜ ತೇಲಿ ಹೋಗುತ್ತದೆ. ಒಂದು ರಾತ್ರಿ ನೀರಲ್ಲಿ ಹಾಕಿ ಸಿಪ್ಪೆ ಬಿಟ್ಟ ಮೇಲೆ ಹೊಳೆ ಮಣ್ಣು ತುಂಬಿದ ಚೀಲದಲ್ಲಿ ಬೆಳೆಸಿ, ಗಿಡ ಗಟ್ಟಿಯಾದ ಮೇಲೆ ನೆಡಬೇಕು. ಅಂದಾಜಿನಲ್ಲಿ ಎರಡಕ್ಕೂ ಒಂದೇ ದರ ಹಾಕಿದ್ದು ಕಂಡರೆ ಬರೆದವರು ಹಿನ್ನೀರಿಗೆ ಇಳಿದಿಲ್ಲ ಎಂದು ಗೊತ್ತಾಗುತ್ತದೆ.

ಒಡ್ಡಿನ ಬುಡದ ಕಡೆ ಉಪ್ಪು ಕಟ್ಟಿದ ಎತ್ತರದ ಜಾಗಕ್ಕೆ ಪಿಚಾವರಂ ಕಡೆ ಮಾಡಿದ ಮೀನಿನ ಮುಳ್ಳಿನ ಕಾಲುವೆ ನೋಡಿ. ಹೊಳೆಯಿಂದ ಒಂದು ಮುಖ್ಯ ಕಾಲುವೆ, ಅದರಿಂದ ಎರಡೂ ಕಡೆ 45 ಡಿಗ್ರಿ ಓರೆಯಲ್ಲಿ ಕವಲು. ಭರತದ ನೀರು ಒಳಗೆ ಬಂದು ಇಳಿತಕ್ಕೆ ಪೂರ್ತಿ ಹೊರಗೆ ಹೋಗಬೇಕು, ಗಿಡ ಕಾಲುವೆಯ ಇಳಿಜಾರಿನ ನಡುಮಟ್ಟದಲ್ಲಿ. ಎಷ್ಟೋ ಕಡೆ ನೀರಿನ ದಾರಿ ಬಿಡಿಸಿದರೆ ಸಾಕು, ಬೀಜ ತಾನಾಗಿ ಬಂದು ಕೂರುತ್ತದೆ. ಕಾಲುವೆಗೆ ಪ್ರತಿ ವರ್ಷ ಹೂಳು ತೆಗೆಯುವ ಖರ್ಚು ಇಡದಿದ್ದರೆ ಮೂರನೇ ಮಳೆಗಾಲಕ್ಕೆ ಅದೊಂದು ಗುರುತು ಮಾತ್ರ.

ಕಗ್ಗಗದ್ದೆ:

ಅಡ್ಡಿಲ್ಲ, ಬಹಳ ಉಪಕಾರ ಆಯ್ತು. ಸತ್ತದ್ದು ಹೊಳೆ ಕಡೆಯ ಸಾಲುಗಳೇ. ಒಡ್ಡನ್ನು ಉದ್ಯೋಗ ಖಾತರಿಯಲ್ಲೇ ಮಾಡೋಣ ಅಂತ ಪಿಡಿಒ ಹೇಳುತ್ತಿದ್ದಾರೆ. ಅಂದಾಜು ಹೇಗೆ ಬರುತ್ತದೆ? ಜಂತ್ರಡಿ ಸಿಮೆಂಟಿನದು ಮಾಡಿದರೆ ಹೇಗೆ?

ಅಳತೆಪುಸ್ತಕ:

ಲೆಕ್ಕ ಹೀಗೆ. ಒಡ್ಡಿನ ತಲೆ 1 ಮೀಟರ್ ಅಗಲ, ಎತ್ತರ 1.5, ಎರಡೂ ಕಡೆ ಇಳಿಜಾರು ಒಂದಕ್ಕೆ ಒಂದೂವರೆ ಹಿಡಿಯಿರಿ. ಬುಡ 5.5 ಮೀಟರ್ ಬರುತ್ತದೆ. ಅಡ್ಡ ಸೀಳಿದರೆ 4.875 ಚದರ ಮೀಟರ್, 100 ಮೀಟರಿಗೆ 487.5 ಘನ ಮೀಟರ್. ಹಸಿ ಕೆಸರು ಕುಗ್ಗುತ್ತದೆ, ಕಡಿಮೆಯೆಂದರೂ ಶೇ. 10 ಸೇರಿಸಿ 536. ಒಬ್ಬರಿಗೆ ದಿನಕ್ಕೆ 2 ಘನ ಮೀಟರ್ ಎಂದು ಇಟ್ಟುಕೊಂಡರೆ 268 ಆಳು. 2025-26ರಲ್ಲಿ ಕೂಲಿ 370 ರೂ. ಇತ್ತು, ಆ ಲೆಕ್ಕಕ್ಕೆ ಒಟ್ಟು 99,160. ನಿಮ್ಮ ಎಂಜಿನಿಯರ್ ದರಪಟ್ಟಿಯಲ್ಲಿ ಮಣ್ಣಿನ ವರ್ಗ, ಹೊರುವ ದೂರ, ಎತ್ತುವ ಎತ್ತರ ನೋಡಿ ಬದಲಿಸುತ್ತಾರೆ. ‘ಮೆದು ಮಣ್ಣು’ ಎಂದು ಬರೆದರೆ ಕೆಟ್ಟಿರಿ, ಮೊಣಕಾಲುದ್ದದ ಕೆಸರಲ್ಲಿ ನಿಂತು ಹೊರುವವರಿಗೆ ಅಳತೆಯಲ್ಲಿ ಅರ್ಧ ಕೂಲಿಯೂ ಹುಟ್ಟುವುದಿಲ್ಲ.

ಕೂಲಿ 60, ಸಾಮಗ್ರಿ 40 ಎಂಬ ಪ್ರಮಾಣ ಗೊತ್ತಿದೆಯಲ್ಲ. 99,160 ಕೂಲಿ ಇದ್ದರೆ ಸಾಮಗ್ರಿಗೆ 66,100 ಚಿಲ್ಲರೆ. ಸಿಮೆಂಟಿನ ತೂಬು, ಗೇಟು ಎಲ್ಲ ಅಷ್ಟರಲ್ಲಿ ಆಗಬೇಕು, ಇಲ್ಲವೆ ಪಂಚಾಯಿತಿಯ ಬೇರೆ ಮಣ್ಣಿನ ಕೆಲಸಗಳ ಜೊತೆ ಸರಿದೂಗಿಸಬೇಕು. ಗುತ್ತಿಗೆದಾರ, ಯಂತ್ರ ಎರಡೂ ಇಲ್ಲ. ಮಾಲ್ಕಿ ಜಾಗವಾದ್ದರಿಂದ ಖಾತೆದಾರರು ಪರಿಶಿಷ್ಟರೋ, ಸಣ್ಣ ಅಥವಾ ಅತಿಸಣ್ಣ ಹಿಡುವಳಿದಾರರೋ, ಜಾಬ್ ಕಾರ್ಡ್ ಇದೆಯೋ ಎಂದು 31 ಮಂದಿಯದೂ ನೋಡಿ. ಊರು ಬಿಟ್ಟು ಮುಂಬೈ, ಬೆಂಗಳೂರಲ್ಲಿರುವ ಇಬ್ಬರ ಪಾಲು ನಡುವೆ ಬಂದು ಇಡೀ ಕೆಲಸ ನಿಲ್ಲುವುದು ಇದೇ ಹಂತದಲ್ಲಿ.

ಇನ್ನೊಂದು ಕಿರಿಕಿರಿ ಹಾಜರಿ ಆ್ಯಪ್. ದಿನಕ್ಕೆ ಎರಡು ಫೋಟೊ, ಬೆಳಿಗ್ಗೆ ಒಂದು, ಆಮೇಲೆ ಒಂದು. ಹಿನ್ನೀರಿನ ಕೆಲಸ ಇಳಿತದ ಹಿಂದುಮುಂದಿನ ಮೂರು ನಾಲ್ಕು ತಾಸು ಮಾತ್ರ, ಅದೂ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಒಂದೇ ಎನ್‌ಎಂಆರ್‌ನಲ್ಲಿ (ಕೂಲಿಯವರ ಹಾಜರಿ ಪಟ್ಟಿಯಲ್ಲಿ) ಎರಡು ಜಾಗ ಬರುವಂತೆ ಕೆಲಸ ಜೋಡಿಸಿ. ನೀರು ಇಳಿದಾಗ ಒಡ್ಡು, ಏರಿದಾಗ ಗಜನಿಯ ಒಳಗಿನ ಬದು, ಕಾಲುವೆ. ಕಾಮಗಾರಿ ಹೆಸರಿನಲ್ಲೇ ಎರಡೂ ಇರಲಿ.

ಒಡೆದ ಬಾಯಿ ಮುಚ್ಚುವುದನ್ನು ಅಷ್ಟಮಿ, ನವಮಿ ಸುತ್ತ ಇಟ್ಟುಕೊಳ್ಳಿ, ಭರತ ಸಣ್ಣದಿರುತ್ತದೆ. ಅಮಾವಾಸ್ಯೆ ಹತ್ತಿರ ಮುಚ್ಚಹೋದರೆ ಮೂರು ದಿನದ ಮಣ್ಣು ಒಂದು ರಾತ್ರಿಗೆ ಹೊಳೆ ಪಾಲು. ಮಣ್ಣನ್ನು ಒಡ್ಡಿನ ಬುಡದಿಂದ ತೆಗೆಯಬೇಡಿ, ಕನಿಷ್ಠ ಮೂರು ಮೀಟರ್ ದೂರ. ಒಂದು ಗೇಣಿಗಿಂತ ದಪ್ಪ ಪದರ ಹಾಕದೆ ತುಳಿದು ಏರಿಸಿ, ಹಳೆ ಒಡ್ಡಿನ ಏಡಿ ಬಿಲಗಳನ್ನು ಅಗೆದು ತೆಗೆದು ತುಂಬಿ. ಒಡ್ಡು ಒಡೆಯುವುದು ಮೇಲಿಂದ ನೀರು ಹಾರಿ ಎನ್ನುವುದಕ್ಕಿಂತ ಹೆಚ್ಚಾಗಿ ಆ ಬಿಲಗಳಿಂದಲೇ. ಮೇ ನಡುಭಾಗಕ್ಕೆ ಮುಗಿಯಬೇಕು. ಜೂನ್ ಮಳೆ ಗಜನಿಯೊಳಗಿನ ಉಪ್ಪು ತೊಳೆದು ಜಂತ್ರಡಿಯಿಂದ ಹೊರಗೆ ಹೋಗದಿದ್ದರೆ ಕಗ್ಗವೂ ಮೊಳೆಯುವುದಿಲ್ಲ.

ಸಿಮೆಂಟಿನ ಜಂತ್ರಡಿಗೆ ನನ್ನ ವಿರೋಧ ಇಲ್ಲ, ಆದರೆ ಕೆಡುವುದು ಎರಡು ಕಡೆ. ಒಂದು, ತಳದ ಹೊಸ್ತಿಲಿನ ಮಟ್ಟ. ಗಜನಿಯ ತಗ್ಗಾದ ಕಾಲುವೆಗಿಂತ ನಾಲ್ಕು ಬೆರಳು ಮೇಲೆ ಬಿದ್ದರೂ ಒಳಗೆ ಸದಾ ನೀರು ನಿಲ್ಲುತ್ತದೆ. ಎರಡು, ಪೆಟ್ಟಿಗೆಯಂಥ ರಚನೆಯ ಅಡಿಯಿಂದ ನೀರು ದಾರಿ ಕೊರೆಯುತ್ತದೆ, ತಳದಲ್ಲಿ ಹೊಳೆ ಕಡೆಗೊಂದು ಗದ್ದೆ ಕಡೆಗೊಂದು ಆಳದ ಗೋಡೆ ಇಳಿಸದಿದ್ದರೆ ಎರಡು ವರ್ಷದಲ್ಲಿ ತೂಬು ನಿಂತಿರುತ್ತದೆ, ನೀರು ಅದರ ಕೆಳಗೆ ಓಡಾಡುತ್ತದೆ. ಬಾಗಿಲಿಗೆ ಕಬ್ಬಿಣ ಬೇಡವೇ ಬೇಡ, ಉಪ್ಪಿಗೆ ತಿಂದು ಹೋಗುತ್ತದೆ. ಮರದ ಹಲಗೆಯೇ ಇರಲಿ, ಬದಲಿಸಲು ಸುಲಭ.

ಕಡತದಾರಿ:

ಹಣ ಬಂದ ಮೇಲಿನ ಮಾತು ಒಂದಿಷ್ಟು. ಸಂಘ ಸಂಸ್ಥೆ ಯಾವುದಾದರೂ ಪಾಲುದಾರ ಆಗುವುದಿದ್ದರೆ ದರ್ಪಣ್ (ಸರ್ಕಾರದ ಸಂಘ ಸಂಸ್ಥೆಗಳ ಜಾಲತಾಣ) ನೋಂದಣಿ ಸಂಖ್ಯೆ ಮೊದಲೇ ಇರಲಿ. ಅನುದಾನಕ್ಕೆ ಬೇರೆಯೇ ಖಾತೆ. ಅದರಲ್ಲಿ ಬಿದ್ದ ಬಡ್ಡಿ ನಿಮ್ಮದಲ್ಲ, ವಾಪಸ್ ಕಟ್ಟಬೇಕು; ಬಡ್ಡಿಯಲ್ಲಿ ಫಲಕ ಹಾಕಿಸಿದ್ದೇವೆ ಎಂದರೆ ಆಕ್ಷೇಪಣೆ. ಬಳಕೆ ಪ್ರಮಾಣಪತ್ರ ಸಂಸ್ಥೆಗಾದರೆ ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮ) 12-ಎ ನಮೂನೆ, ರಾಜ್ಯದ ಇಲಾಖೆಗಾದರೆ 12-ಸಿ. ಆರ್ಥಿಕ ವರ್ಷ ಮುಗಿದು ಹನ್ನೆರಡು ತಿಂಗಳೊಳಗೆ ಕೊಡಬೇಕು, ಅದು ಹೋಗದೆ ಎರಡನೇ ಕಂತು ಬರುವುದಿಲ್ಲ. ಕಾಂಡ್ಲಾಕ್ಕೆ ಈ ತಡ ಎಂದರೆ ಮರುನಾಟಿಯ ಮಳೆಗಾಲವೇ ಕೈತಪ್ಪುವುದು.

ನೆಡುವ ಮೊದಲೇ ನಾಲ್ಕು ಮೂಲೆಗೆ ಜಿಪಿಎಸ್ ಗುರುತು, ಅದೇ ನಾಲ್ಕು ಜಾಗದಿಂದ ಆರು ತಿಂಗಳಿಗೊಮ್ಮೆ ಫೋಟೊ, ಪ್ರತಿ ಹೆಕ್ಟೇರಿಗೆ 10 ಮೀಟರ್ ಚೌಕದ ಎರಡು ತುಣುಕಲ್ಲಿ ಬದುಕಿದ ಗಿಡದ ಎಣಿಕೆ. ಎರಡು ಮೀಟರ್ ಅಂತರವಿದ್ದರೆ ಒಂದು ಚೌಕಕ್ಕೆ 25 ಗಿಡ ಬರಬೇಕು. ಪರಿಶೀಲನೆಗೆ ಬಂದವರಿಗೆ ಈ ಪುಸ್ತಕ ತೋರಿಸಿದರೆ ಅರ್ಧ ಮಾತು ಉಳಿಯುತ್ತದೆ.

ಬಳಚು, ನೀಲಿಕಲ್ಲು (ಇನ್ನೊಂದು ಚಿಪ್ಪಿಮೀನು) ಸಾಕುವ ಹೆಂಗಸರ ಗುಂಪಿಗೆ ಸಹಾಯಧನ ಬೇಕಾದರೆ ಅದು ಮೀನುಗಾರಿಕೆ ಇಲಾಖೆಯ ಮತ್ಸ್ಯ ಸಂಪದ ಯೋಜನೆ. ಸಾಮಾನ್ಯರಿಗೆ ಶೇ. 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ. 60. ಇದನ್ನು ಕಾಂಡ್ಲಾ ಕಡತದ ಜೊತೆ ಗಂಟು ಹಾಕಬೇಡಿ.

ಕಗ್ಗಗದ್ದೆ:

ಆಯ್ತು. ಬರುವ ಅಮಾವಾಸ್ಯೆಗೆ ಆರು ಪೈಪ್ ಹುಗಿಯುತ್ತೇವೆ. ಕಾಂಡ್ಲಾ ಎದ್ದ ಮೂಲೆಯ ಅಳತೆಗೆ ಸರ್ವೆ ಅರ್ಜಿ ಕೊಡುತ್ತೇವೆ. ಪೈಪಿನ ಸೊನ್ನೆ ಗುರುತು ಎಲ್ಲಿಗೆ ಹೊಂದಿಸಬೇಕು?

ಭರತ_ಇಳಿತ:

ಜಂತ್ರಡಿಯ ಹೊಸ್ತಿಲಿಗೆ. ಪಾರದರ್ಶಕ ಪೈಪಿನ ನೀರುಮಟ್ಟದಿಂದ ಆರೂ ಪೈಪಿಗೆ ಅದೇ ಮಟ್ಟ ಸಾಗಿಸಿ. ಹೊಳೆ ಕಡೆಯ ಪೈಪುಗಳಲ್ಲಿ ನೆಲ ಸೊನ್ನೆಗಿಂತ ಕೆಳಗೆ ಬರುತ್ತದೆ, ಅಲ್ಲಿ ಗುರುತನ್ನು ಸೊನ್ನೆಯಿಂದ ಕೆಳಕ್ಕೂ ಹಾಕಿಕೊಳ್ಳಿ. ಆಗ ಒಡ್ಡಿನ ಎತ್ತರ, ತೂಬಿನ ತಳ, ಕಾಂಡ್ಲಾದ ಪಟ್ಟಿ ಮೂರೂ ಒಂದೇ ಲೆಕ್ಕದಲ್ಲಿ ಬರುತ್ತವೆ. ಪೈಪ್ ಒಂದು ಮೀಟರ್‌ನಷ್ಟು ಕೆಸರಿನೊಳಗೆ ಹೋಗಲಿ, ಎರಡು ಮೀಟರ್ ಸಾಲದಿದ್ದರೆ ಮೂರು ಮೀಟರಿನದೇ ತನ್ನಿ. ಇಲ್ಲದಿದ್ದರೆ ಬಲೆ ಎಳೆಯುವವರ ದೋಣಿ ತಾಗಿ ವಾಲುತ್ತದೆ.